ಶೋಕೇಸಿಗೆ ಹೋದ ರೇಡಿಯೊ

ಪಂಚಮಿಗೆಂದು ವಿಜಯಪುರದಿಂದ ಬಬಲೇಶ್ವರದ ತವರಿಗೆ ಬಂದ ಗೌರಾಬಾಯಿ ಇನ್ನೂ ಕಾಲು ತೊಳೆದಿರಲಿಲ್ಲ, ಪಡಸಾಲೆಯ ಶೋಕೇಸಿನ ಮೇಲೆ ಕಣ್ಣು ಬಿತ್ತು. ಕಳೆದ ಪಂಚಮಿಗೆ ತಮ್ಮನ ಮಗಳು ಕಾವ್ಯಾಳಿಗೆ ಕೊಟ್ಟ ಡಬ್ಬಿ ಅಲ್ಲಿ ಕೂತಿತ್ತು. ಎಡಕ್ಕೆ ಪ್ಲಾಸ್ಟಿಕ್ ಹೂವು, ಬಲಕ್ಕೆ ಯಾರದೋ ಮದುವೆಯಲ್ಲಿ ಬಂದ ಗಡಿಯಾರ. ಡಬ್ಬಿಯ ಮೇಲಿನ ಹಾಳೆ ಕೂಡ ಹರಿದಿರಲಿಲ್ಲ. ಶೋಕೇಸಿಗೆ ಬೀಗ ಬೇರೆ. ಅವಳ ಮೈಯೆಲ್ಲ ಉರಿದುಹೋಯಿತು.

ಆ ಡಬ್ಬಿಗಾಗಿ ಅವಳು ಅಲೆದದ್ದು ಅಷ್ಟಿಷ್ಟಲ್ಲ. ಕಾವ್ಯಾ ಎಂದರೆ ಟಾರ್ಚು, ರಿಮೋಟು, ಕರೆಗಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರವಿ ಮತ್ತೆ ಕೂಡಿಸುವ ಹುಡುಗಿ. ಒಬ್ಬ ಅಂಗಡಿಯವನು ಹುಡುಗಿಗೆ ಎಂದ ಕೂಡಲೇ ಗೊಂಬೆ ತೆಗೆದಿಟ್ಟ. ಇನ್ನೊಬ್ಬ ಹಾಡು ಹೇಳುವ ಆಟದ ಫೋನು ತೋರಿಸಿದ. ನನ್ನ ಸೊಸೆಗೆ ನೋಡುವ ಸಾಮಾನು ಬೇಡ, ಕೈ ಹಾಕುವ ಸಾಮಾನು ಬೇಕು ಎಂದು ಅವರೊಡನೆ ಜಗಳಾಡಿ, ಮಕ್ಕಳು ತಾವೇ ಜೋಡಿಸಿಕೊಳ್ಳುವ ರೇಡಿಯೊ ಹುಡುಕಿ ತಂದಿದ್ದಳು. ಅದು ಬಂದು ಕೂತದ್ದು ಇಲ್ಲಿ!

ತಮ್ಮ ಬಸಗೊಂಡಪ್ಪನಿಗೆ ಅಕ್ಕನ ಸಿಟ್ಟು ಅರ್ಥವೇ ಆಗಲಿಲ್ಲ. ಬಂದುಹೋದವರಿಗೆಲ್ಲ ತೋರಿಸಿ, ನಮ್ಮಕ್ಕ ಕೊಟ್ಟದ್ದು ಎಂದು ಎದೆಯುಬ್ಬಿಸಿ ಹೇಳಿದ್ದನಂತೆ.

"ಅಕಿ ಕೈಗೆ ಕೊಟ್ರ ಒಂದ ದಿನದಾಗ ಬಿಚ್ಚಿ ಹಾಕತಾಳ ಅಕ್ಕಾ. ಹೊಸಾದು ಹೊಸಾದ ಇಟ್ಟೀನಿ ನೋಡು."

"ಬಿಚ್ಚಲಿ ಅಂತನ ಕೊಟ್ಟೀನಲೇ. ನಿನ್ನ ಶೋಕೇಸಿಗೆ ತಂದಿದ್ನೇನು?"

ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಎರಡೂ ಇದ್ದವು, ಈ ಪುಣ್ಯಾತ್ಮ ನಡುವೆ ಗಾಜು ಹಾಕಿಸಿದ್ದ! ಗೌರಾಬಾಯಿ ಕೀಲಿ ಕೇಳಿ ಇಸಿದುಕೊಂಡು, ಡಬ್ಬಿ ಹೊರತೆಗೆದು, ಹಾಳೆ ಹರಿದು, ಒಳಗಿದ್ದದ್ದನ್ನೆಲ್ಲ ಚಾಪೆಯ ಮೇಲೆ ಸುರುವಿದಳು. ಕಾವ್ಯಾಳನ್ನು ಕರೆದಳು.

ಹುಡುಗಿ ಬಂದಳು. ಬಂದು, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಬ್ಯಾಡ ಅತ್ತಿ. ಕೆಟ್ಟರ ಅಪ್ಪ ಬೈತಾನ."

ಗೌರಾಬಾಯಿಗೆ ಈಗ ತಿಳಿಯಿತು. ಬೀಗ ಹಾಕಿದ್ದು ಬರೀ ಡಬ್ಬಿಗಲ್ಲ. ಮುಟ್ಟಬೇಡ, ಮುಟ್ಟಬೇಡ ಎಂದು ವರ್ಷವಿಡೀ ಹೇಳಿ ಹೇಳಿ, ಬಿಚ್ಚುವ ಹುಡುಗಿಯನ್ನು ನೋಡುವ ಹುಡುಗಿ ಮಾಡಿಟ್ಟಿದ್ದರು. ಇನ್ನು ಕೂಗಾಡಿ ಪ್ರಯೋಜನವಿಲ್ಲ, ಕೂಗಾಡಿದರೆ ಕೂಸು ಇನ್ನಷ್ಟು ಹೆದರುತ್ತದೆ.

ಗೌರಾಬಾಯಿ ಚಾಪೆಯ ಮೇಲೆ ಕೂತು, ಕೆಂಪು ವೈರೊಂದನ್ನು ಎತ್ತಿಕೊಂಡು, ಎಲ್ಲರೂ ನೋಡುವಂತೆ ಜಗ್ಗಿ ಹರಿದಳು. ಬಸಗೊಂಡಪ್ಪ ಅಯ್ಯಯ್ಯೋ ಎಂದ.

"ನೋಡು, ನಾನ ಕೆಡಸೀನಿ. ಈಗ ಬೈಸ್ಕೊಳ್ಳಾಕಿ ನಾನು."

ಕಾವ್ಯಾ ತುಂಡಾದ ವೈರನ್ನೇ ನೋಡಿದಳು. ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಮತ್ತೆ ವೈರನ್ನು ನೋಡಿದಳು.

"ಅಷ್ಟಕ್ಕೆಲ್ಲ ಕೆಡೂದಿಲ್ಲ ಅತ್ತಿ. ಮ್ಯಾಲಿನ ಸಿಪ್ಪಿ ಸುಲದು ಎರಡೂ ತುದಿ ಹೊಸೆದ್ರ ಕೂಡತಾವು. ಕೊಡಿಲ್ಲೆ."

ಬಸಗೊಂಡಪ್ಪ ಬಾಯಿ ತೆರೆದ. ಗೌರಾಬಾಯಿ ಅವನತ್ತ ತಿರುಗಿಯೂ ನೋಡದೆ, ಸುಮ್ಮನಿರು ಎಂದಳು.