ಕೋಟು ಕಾಯುವ ದೋಂಕಾ ನೋಡಿದ ಸಿನಿಮಾ

ನಮ್ಮೂರಲ್ಲಿ ತೆಗೆದ ಸಿನಿಮಾವನ್ನು ಮೊದಲು ನಮ್ಮೂರಲ್ಲೇ ತೋರಿಸಬೇಕೆಂದು ತೀರ್ಮಾನವಾದಾಗ, ಓದುಮನೆಯ ಕಾರ್ಯದರ್ಶಿ ವಿತ್ಕಾ, ದೋಂಕಾಳನ್ನು ಕರೆದು ಒಂದು ವಾರ ರಜ ತಗೋ ಎಂದಳು. ದೋಂಕಾ ಬೇಡವೆಂದಳು. ಫೆಬ್ರವರಿ ತಿಂಗಳು, ಡ್ಯಾನ್ಯೂಬ್ ನದಿಯ ಕಡೆಯ ಗಾಳಿಗೆ ಕಿವಿ ಮರಗಟ್ಟಿ ಹೋಗುತ್ತದೆ, ಬಂದವರ ಕೋಟುಗಳನ್ನೆಲ್ಲ ಯಾರು ತೆಗೆದಿಡುತ್ತಾರೆ ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ಓದುಮನೆಯ ಕೋಟುಕೋಣೆ ಅವಳದೇ. ಕೆಳಗೆ ಪುಸ್ತಕ, ಮೇಲೆ ಸಭಾಂಗಣ, ಅದರ ಬಾಗಿಲ ಪಕ್ಕದಲ್ಲೇ ದೋಂಕಾ, ಅವಳ ಬೆನ್ನ ಹಿಂದೆ ನೂರಿಪ್ಪತ್ತು ಕೊಕ್ಕೆ.

ರಜ ಯಾಕೆಂದು ವಿತ್ಕಾ ಹೇಳಲಿಲ್ಲ, ದೋಂಕಾ ಕೇಳಲೂ ಇಲ್ಲ. ಸಿನಿಮಾ ಒಬ್ಬ ಹುಡುಗಿಯದು. ಬಸ್ಸಿಗೆ ಕಾಯುತ್ತಾ ನಿಂತವಳನ್ನು ಒಬ್ಬ ಎತ್ತಿಕೊಂಡು ಹೋಗಿ ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ದೋಂಕಾಳ ಒಬ್ಬಳೇ ಮಗಳು ಬಿಸೆರಾ ಹನ್ನೊಂದು ವರ್ಷದ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ, ರೂಸೆ ಪಟ್ಟಣಕ್ಕೆ ಹೋಗುವ ಮಧ್ಯಾಹ್ನದ ಬಸ್ಸು ಹಿಡಿಯಲೆಂದು ಮನೆಯಿಂದ ಹೊರಟಿದ್ದಳು. ಬಸ್ಸು ಹೋಯಿತು, ಬಿಸೆರಾ ಅದರಲ್ಲಿರಲಿಲ್ಲ. ರಾಜಧಾನಿ ಸೋಫಿಯಾದಿಂದ ಬಂದ ನಿರ್ದೇಶಕ ಕಾಮೆನ್‌ಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಅವನಿಗೆ ಹೇಳಲಿಲ್ಲ. ಹೇಳಿದರೆ ಎಲ್ಲಿ ಬೇರೆ ಊರಿಗೆ ಹೋಗಿಬಿಡುತ್ತಾನೋ ಎಂಬ ಭಯ. ಡಬ್ಬಿ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮೂರಿಗೆ ತಾನಾಗಿ ಬಂದ ವಸ್ತುವೆಂದರೆ ಆ ಸಿನಿಮಾ ಒಂದೇ. ಅದಕ್ಕಾಗಿ ನಾವು ಇಷ್ಟು ಬಾಯಿ ಮುಚ್ಚಿಕೊಂಡೆವು, ನಾಚಿಕೆಗೇಡು.

ಕಾಮೆನ್ ಹತ್ತಿರ ದುಡ್ಡಿರಲಿಲ್ಲ, ಊರೇ ಸಿನಿಮಾಕ್ಕೆ ಸಾಮಾನು ಒದಗಿಸಿತು. ಕೂಡಿಹಾಕುವವನ ಪಾರ್ಟು ಟೈರು ರಿಪೇರಿಯ ಗೆತ್ಸೊನದು. ನೆಲಮಾಳಿಗೆಯಲ್ಲಿಟ್ಟ ಉಪ್ಪಿನಕಾಯಿ ಜಾಡಿಗಳು ಅವರಿವರ ಮನೆಯವು. ರಕ್ತಕ್ಕೆ ಕೆಂಪು ದೊಣ್ಣೆಮೆಣಸಿನ ಗೊಜ್ಜು. ಹುಡುಗಿಯ ಪಾರ್ಟಿನವಳು ಮಾತ್ರ ಹೊರಗಿನವಳು, ನಗುಮುಖದ ಹುಡುಗಿ. ಚಳಿ ತಡೆಯಲಾರದೆ ದೋಂಕಾಳ ಕೋಟುಕೋಣೆಗೆ ಬಂದು, ಅವಳು ತಂದಿದ್ದ ಬೀನ್ಸ್ ಸಾರನ್ನು ಎರಡು ಸಲ ಹಾಕಿಸಿಕೊಂಡು ಕುಡಿದಿದ್ದಳು.

ನಮ್ಮೂರ ಕಂಬಗಳಲ್ಲಿ, ಬಸ್ ನಿಲ್ದಾಣದಲ್ಲಿ, ಮನೆಗಳ ಗೇಟುಗಳಲ್ಲಿ ಸಾವಿನ ಹಾಳೆ ಅಂಟಿಸದ ಜಾಗವಿಲ್ಲ. ಕಪ್ಪು ಅಂಚು, ಸತ್ತವರ ಫೋಟೊ, ಹುಟ್ಟಿದ ದಿನ, ಹೋದ ದಿನ. ನಲವತ್ತನೇ ದಿನಕ್ಕೊಂದು, ವರ್ಷಕ್ಕೊಂದು, ಹತ್ತು ವರ್ಷಕ್ಕೊಂದು ಹೊಸ ಹಾಳೆ. ಬದುಕಿದವರಿಗಿಂತ ಸತ್ತವರ ಮುಖವನ್ನೇ ಹೆಚ್ಚು ನೋಡುತ್ತಾ ನಾವು ಬ್ರೆಡ್ಡಿನ ಅಂಗಡಿಗೆ ಹೋಗಿ ಬರುತ್ತೇವೆ. ದೋಂಕಾಳ ಗೇಟು ಮಾತ್ರ ಬೋಳು. ಆರು ವರ್ಷದ ಹಿಂದೆ ಅವಳ ಗಂಡ ಸ್ಲಾವಿ ಒಮ್ಮೆ ಬಾಯಿ ಬಿಟ್ಟಿದ್ದ: ಇನ್ನು ಮಗಳ ಹಾಳೆ ಹಾಕಿಸೋಣ, ಸತ್ತವರ ಹೆಸರಿನ ಗೋಧಿ ಬೇಯಿಸಿ ಹಂಚೋಣ. ದೋಂಕಾ ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಎಸೆದಿದ್ದಳು. ಆಮೇಲೆ ಆ ಮನೆಯಲ್ಲಿ ಆ ಮಾತು ಎದ್ದಿಲ್ಲ. ದಿನಾ ಬೆಳಗ್ಗೆ ದೇವಮಾತೆಯ ಪಟದ ಮುಂದೆ ನಿಂತು ಅವಳು ಕೇಳಿಕೊಳ್ಳುತ್ತಿದ್ದದ್ದು ಒಂದೇ. ಎಲ್ಲಾದರೂ ಇರಲಿ, ಹೇಗಾದರೂ ಇರಲಿ, ಬದುಕಿರಲಿ.

ಮೊದಲ ದಿನ ಸಂಜೆ ಕೋಟುಗಳೆಲ್ಲ ಕೊಕ್ಕೆಗೇರಿ, ಸಭಾಂಗಣದ ಬಾಗಿಲು ಮುಚ್ಚಿದ ಮೇಲೆ ದೋಂಕಾ ತನ್ನ ಕುರ್ಚಿಯಲ್ಲಿ ಕೂತಳು. ಸಿನಿಮಾದ ಮಾತು ಅವಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ನೋಡುವವರ ಗದ್ದಲ ಕೇಳಿಸುತ್ತಿತ್ತು. ಗೆತ್ಸೊ ಕಾಣಿಸಿದ್ದೇ ತಡ ಸಿಳ್ಳೆ, ಚಪ್ಪಾಳೆ. ನನ್ನ ಹಿಂದಿನ ಟೈರು ಯಾವಾಗ ಕೊಡ್ತೀಯೋ ಎಂದು ಯಾರೋ ಪರದೆಗೇ ಕೂಗಿದರು. ಇನ್ಯಾರೋ ತಮ್ಮ ಮನೆಯ ಜಾಡಿಯ ಗುರುತು ಹಿಡಿದು ಅಕ್ಕಪಕ್ಕದವರಿಗೆಲ್ಲ ತೋರಿಸಿದರು. ಸ್ವಲ್ಪ ಹೊತ್ತು ನಿಶ್ಶಬ್ದ, ಒಂದೆರಡು ಕಿರುಚಾಟ. ಆಮೇಲೆ ನಡುವಿನಲ್ಲೊಂದು ಕಡೆ ನಗು ಶುರುವಾಯಿತು, ಅದು ಬೇಗ ನಿಲ್ಲಲಿಲ್ಲ. ನೆಲಮಾಳಿಗೆಯಲ್ಲಿ ಅಷ್ಟೊಂದು ನಗುವಂಥದ್ದು ಏನಿದೆ ಎಂದು ದೋಂಕಾಳಿಗೆ ಅರ್ಥವಾಗಲಿಲ್ಲ.

ಆಟ ಮುಗಿದು ಜನ ಕೋಟಿಗೆ ಬಂದರು. ಕೋಟು ಕೊಡುವವಳ ಮುಖವನ್ನು ಯಾರೂ ನೋಡುವುದಿಲ್ಲ, ಕೈಯನ್ನಷ್ಟೇ ನೋಡುತ್ತಾರೆ.

"ಮಂಕು ಮುಂಡೇದು, ಒಂದು ಜಾಡಿ ಎತ್ತಿ ಅವನ ತಲೆಗೆ ಬಿಡೋಕೆ ಏನಾಗಿತ್ತು?" ಎಂದಳು ಬ್ರೆಡ್ಡಿನ ಅಂಗಡಿಯ ಪೆತ್ರಾನಾ, ಕೋಟಿನ ತೋಳಿಗೆ ಕೈ ತೂರಿಸುತ್ತಾ. ನಿವೃತ್ತ ಅಂಚೆಯವನು ತಾನಾಗಿದ್ದರೆ ಎರಡೇ ದಿನದಲ್ಲಿ ಕಿಟಕಿಯಿಂದ ಹೊರಗೆ ಬರುತ್ತಿದ್ದೆನೆಂದು ಹೇಳಿಕೊಂಡ. ಆ ಹೊಟ್ಟೆ ಹೊತ್ತುಕೊಂಡು ಅವನು ಓದುಮನೆಯ ಮೆಟ್ಟಿಲನ್ನೇ ಮೂರು ಸಲ ನಿಂತು ಹತ್ತಿದ್ದ. ಗಣಿತದ ಮೇಷ್ಟರಿಗೆ ಕತೆ ತೀರಾ ಎಳೆದಂತಾಗಿತ್ತು, ಮೊದಲ ಅರ್ಧ ಗಂಟೆಯಲ್ಲೇ ಅವಳನ್ನು ಸಾಯಿಸಿ ಮುಗಿಸಬೇಕಿತ್ತು ಎಂದು ಅವರ ತೀರ್ಪು. ಎಲ್ಲರೂ ಅದಕ್ಕೆ ಹೌದೆಂದರು. ಆಗ ಯಾರೋ ದೋಂಕಾಳನ್ನು ನೋಡಿದರು, ಎಲ್ಲರೂ ಬೇಗಬೇಗ ಗುಂಡಿ ಹಾಕಿಕೊಳ್ಳತೊಡಗಿದರು.

ಕೊನೆಗೆ ಬಂದವನು ಗೆತ್ಸೊ. ಊರಿಗೆಲ್ಲ ಜೋರು ಮಾಡುವ ಆಸಾಮಿ ಅವಳ ಮುಂದೆ ಟೋಪಿ ಹಿಸುಕುತ್ತಾ ನಿಂತ.

"ದೋಂಕಕ್ಕ, ಅದು ಬರೀ ಪಾರ್ಟು. ನಿಂಗೆ ಬೇಜಾರಿಲ್ಲ ತಾನೇ?"

"ನಿನ್ನ ಕೋಟಿನ ಗುಂಡಿ ಸಡಿಲವಾಗಿದೆ, ಕೊಡು ಇಲ್ಲಿ," ಎಂದಳು ದೋಂಕಾ. ಅಲ್ಲೇ ನಿಲ್ಲಿಸಿಕೊಂಡು ಹೊಲಿದುಕೊಟ್ಟಳು.

ಎರಡನೇ ದಿನವೂ ಅದೇ ಜಾಗದಲ್ಲಿ ಅದೇ ನಗು, ಮೂರನೇ ದಿನವೂ. ಅಕ್ಕಪಕ್ಕದ ಹಳ್ಳಿಗಳಿಂದ ಬಂದವರು ಕೂಡ ಅಲ್ಲೇ ನಕ್ಕರು. ನಾಲ್ಕನೇ ದಿನ ಆ ನಗು ಶುರುವಾಗುತ್ತಿದ್ದಂತೆ ದೋಂಕಾ ಕುರ್ಚಿಯಿಂದ ಎದ್ದು, ಬಾಗಿಲು ತಳ್ಳಿ, ಹಿಂದಿನ ಗೋಡೆಗೆ ಒರಗಿ ನಿಂತಳು.

ಪರದೆಯ ಮೂಲೆಯಲ್ಲಿ ಇನ್ನೂರ ಹನ್ನೆರಡನೇ ದಿನ ಎಂದು ಬರೆದಿತ್ತು. ಹುಡುಗಿ ಊಟದ ಮುಳ್ಳುಚಮಚದಿಂದ ತಲೆ ಬಾಚಿಕೊಳ್ಳುತ್ತಿದ್ದಳು. ಹಾಸಿಗೆ ಕೊಡವಿ ಸರಿಮಾಡಿದಳು. ಮಗುಚಿದ ಡಬ್ಬದ ಮೇಲೆ ಎರಡು ಬಟ್ಟಲಿಟ್ಟಳು, ತನಗೊಂದು, ಅವನಿಗೊಂದು. ಅವನು ಬರುವುದು ತಡವಾಯಿತೆಂದು ಚಡಪಡಿಸಿದಳು. ಮೇಲೆ ಹೆಜ್ಜೆಯ ಸದ್ದಾದಾಗ ಬಟ್ಟೆಯ ಕೊರಳು ನೇವರಿಸಿಕೊಂಡು ನಕ್ಕಳು. ಬಲವಂತದ ನಗುವಲ್ಲ, ಮನೆಗೆ ಬಂದವರನ್ನು ಕಂಡು ನಗುವ ನಗು. ಮದುವೆ ಊಟಕ್ಕೆ ಯಾವಾಗ ಕರೀತೀರಿ ಎಂದು ಯಾರೋ ಕೂಗಿದರು, ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವಳು ಬೀನ್ಸ್ ಸಾರು ಕುಡಿದುಹೋದ ಹುಡುಗಿ, ಅವನು ಗೆತ್ಸೊ. ದೋಂಕಾಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅವಳು ಪರದೆಯ ಮೇಲೆ ಕಂಡದ್ದು ಬಿಸೆರಾಳನ್ನು. ಹನ್ನೊಂದು ವರ್ಷ ಅವಳು ಬಿಸೆರಾಳನ್ನು ಮನಸ್ಸಿನಲ್ಲೇ ನೂರು ಬಗೆಯಲ್ಲಿ ಕಂಡಿದ್ದಳು. ಬಾಗಿಲು ಬಡಿಯುವ ಬಿಸೆರಾ, ಅಮ್ಮಾ ಎಂದು ಅಳುವ ಬಿಸೆರಾ, ಕತ್ತಲಲ್ಲಿ ದಾರಿ ಮಾಡಿಕೊಂಡು ಓಡಿಬರುವ ಬಿಸೆರಾ. ಹೆಜ್ಜೆಯ ಸದ್ದಿಗೆ ನಗುವ ಬಿಸೆರಾಳನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಇನ್ನೂರ ಹನ್ನೆರಡು ದಿನಕ್ಕೇ ಮನುಷ್ಯಳು ಹೀಗಾಗುವುದಾದರೆ ನಾಲ್ಕು ಸಾವಿರ ದಿನಕ್ಕೆ ಏನಾಗುತ್ತಾಳೆ? ಹೇಗಾದರೂ ಇರಲಿ ಎಂದು ತಾನು ದಿನಾ ಬೆಳಗ್ಗೆ ಕೈಮುಗಿದು ಬೇಡಿಕೊಂಡದ್ದು ಇದನ್ನೇ. ಹೆತ್ತ ತಾಯಿಯೇ ಮಗಳಿಗೆ ಇದನ್ನು ಬೇಡಿಕೊಂಡಿದ್ದಳು.

ಅವತ್ತು ಅವಳು ಇಬ್ಬರಿಗೆ ಕೋಟು ಅದಲುಬದಲು ಕೊಟ್ಟಳು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಮರುದಿನ ಬೆಳಗ್ಗೆ ಪಟದ ಮುಂದೆ ನಿಂತರೆ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ.

ಭಾನುವಾರ ಮಧ್ಯಾಹ್ನ ಕೊನೆಯ ಆಟ. ಮುಗಿದ ಮೇಲೆ ಕಾಮೆನ್ ವೇದಿಕೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಅನಿಸಿದ್ದನ್ನು ಸಂಕೋಚವಿಲ್ಲದೆ ಹೇಳಿ ಎಂದ. ನಮ್ಮವರಿಗೆ ಅಷ್ಟು ಸಾಕು. ಒಂದು ಕಡೆ ಮೈಕು ಕಾಣಿಸಿತೆಂದು ಒಬ್ಬರು, ಗೊಜ್ಜು ರಕ್ತದಂತಿರದೆ ಗೊಜ್ಜಿನಂತೆಯೇ ಇತ್ತೆಂದು ಇನ್ನೊಬ್ಬರು, ನೆಲಮಾಳಿಗೆಯಲ್ಲಿ ಅಷ್ಟು ಬೆಳಕು ಎಲ್ಲಿಂದ ಬಂತೆಂದು ಮತ್ತೊಬ್ಬರು. ಕಾಮೆನ್ ಎಲ್ಲವನ್ನೂ ನಗುತ್ತಾ ಪುಸ್ತಕದಲ್ಲಿ ಬರೆದುಕೊಂಡ. ಆಗ ಗಣಿತದ ಮೇಷ್ಟರು ಎದ್ದು ನಿಂತು, ಬಾಗಿಲು ಮುಚ್ಚಿಕೊಳ್ಳುತ್ತದೆ, ದಿನದ ಲೆಕ್ಕ ಮುಂದುವರಿಯುತ್ತದೆ, ಅಷ್ಟಕ್ಕೇ ದೀಪ ಹಾಕಿಬಿಟ್ಟಿರಲ್ಲ, ಇದು ಯಾವ ಸೀಮೆಯ ಮುಕ್ತಾಯ ಎಂದು ಕೇಳಿದರು.

"ನಿಜ ಹೇಳ್ಬೇಕಂದ್ರೆ ದುಡ್ಡು ಮುಗಿದುಹೋಯ್ತು ಸಾರ್," ಎಂದ ಕಾಮೆನ್. ಜನ ನಕ್ಕರು. "ಮತ್ತೆ, ಅವಳನ್ನ ಸಾಯಿಸೋಕೆ ನಂಗೆ ಮನಸ್ಸು ಬರಲಿಲ್ಲ. ಅವಳು ಇನ್ನೂ ಬದುಕಿದಾಳೆ ಅಂದ್ರೆ ನೋಡೋರಿಗೆ ಒಂದು ಆಸೆ ಇರುತ್ತಲ್ವಾ."

"ಸಾಯಿಸಬೇಕಿತ್ತು ಕಣಪ್ಪ," ಎಂದಿತು ಹಿಂದಿನಿಂದ ಒಂದು ದನಿ.

ಚಪ್ಪಾಳೆ ಬಿತ್ತು. ಸರಿಯಾಗಿ ಹೇಳಿದರು ಎಂದು ಪೆತ್ರಾನಾ ಹಿಂತಿರುಗಿ ನೋಡದೆಯೇ ಚಪ್ಪಾಳೆ ತಟ್ಟಿದಳು. ಆಮೇಲೆ ತಿರುಗಿ ನೋಡಿದಳು. ಬಾಗಿಲ ಹತ್ತಿರ, ತೋಳಿನ ಮೇಲೆ ಯಾರದೋ ಕೋಟು ಹಾಕಿಕೊಂಡು ದೋಂಕಾ ನಿಂತಿದ್ದಳು.

"ಆಸೆ ಯಾರಿಗಪ್ಪಾ?" ದೋಂಕಾ ಗದರುವ ಹಾಗೇನೂ ಕೇಳಲಿಲ್ಲ, ದಾರಿ ಕೇಳುವವಳ ಹಾಗೆ ಕೇಳಿದಳು. "ಒಳಗಿರೋಳು ಅವಳು."

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಅವಳು ಯಾರೆಂಬುದು ಜನಕ್ಕೆ ಸಾಲುಸಾಲಾಗಿ ನೆನಪಾಯಿತು. ವಿತ್ಕಾ ಮುಖ ಮುಚ್ಚಿಕೊಂಡಳು, ಗೆತ್ಸೊ ತನ್ನ ಬೂಟು ನೋಡತೊಡಗಿದ. ಏನೂ ಗೊತ್ತಿಲ್ಲದ ಕಾಮೆನ್ ಒಬ್ಬನೇ ಸಂತೋಷಪಟ್ಟು, ಈ ವಾರದಲ್ಲಿ ತಾನು ಕೇಳಿದ ಅತಿ ಒಳ್ಳೆಯ ಮಾತು ಇದೇ ಎಂದು ಅವಳಿಗೆ ಥ್ಯಾಂಕ್ಸ್ ಹೇಳಿ ಬರೆದುಕೊಂಡ.

ಸೋಮವಾರ ಬೆಳಗ್ಗೆ ಸ್ಲಾವಿ ಬ್ರೆಡ್ಡು ಕತ್ತರಿಸುತ್ತಿದ್ದ. ದೋಂಕಾ ಅವನ ಎದುರು ಕೂತು, ಹಾಳೆ ಹಾಕಿಸೋಣ ಎಂದಳು. ಸ್ಲಾವಿ ಚಾಕು ಕೆಳಗಿಟ್ಟ. ಅವನಿಗೆ ಹಗುರವಾಗುತ್ತದೆಂದು ಅವಳು ಎಣಿಸಿದ್ದಳು. ಅವನು ಬ್ರೆಡ್ಡಿನ ತಟ್ಟೆಯನ್ನು ಅತ್ತ ಸರಿಸಿದ.

"ನೀನು ಹೇಳಬಾರದಿತ್ತು," ಎಂದ.

"ಆರು ವರ್ಷದ ಹಿಂದೆ ನೀನೇ ಹೇಳಿದ್ದೆ."

"ಹೇಳಿದ್ದೆ. ನೀನು ಬೇಡ ಅಂತೀಯ ಅಂತ ಗೊತ್ತಿತ್ತು, ಅದಕ್ಕೇ ಹೇಳಿದ್ದೆ. ನಂಗೆ ಕಾಯೋಕೆ ಆಗದೆ ಇದ್ರೂ ನೀನು ಕಾಯ್ತಾ ಇದೀಯಲ್ಲ ಅಂತ ರಾತ್ರಿ ಕಣ್ಣು ಮುಚ್ತಿದ್ದೆ, ದೋಂಕಾ. ಈಗ ಯಾರು ಕಾಯ್ತಾರೆ?"

ದೋಂಕಾ ಮೇಜಿನ ಮೇಲೆ ಉದುರಿದ ಬ್ರೆಡ್ಡಿನ ಚೂರುಗಳನ್ನು ಒಟ್ಟುಮಾಡಿದಳು. ಆಮೇಲೆ ಅವನು, ಆ ಸಿನಿಮಾದಲ್ಲಿ ಅಂಥದ್ದೇನಿತ್ತು ಎಂದು ಕೇಳಿದ. ಅವನು ಅದನ್ನು ನೋಡಿರಲಿಲ್ಲ. ಓದುಮನೆಯ ಬೀದಿಗೇ ಆ ವಾರ ಕಾಲಿಟ್ಟಿರಲಿಲ್ಲ. ದೋಂಕಾ ಅವನ ಮುಖವನ್ನು ನೋಡಿದಳು. ತನ್ನ ಕಣ್ಣಿಗೆ ಬಿದ್ದದ್ದು ಅವನ ಕಣ್ಣಿಗೂ ಬೀಳುವುದು ಬೇಡ ಎನಿಸಿತು.

"ಚೆನ್ನಾಗಿರಲಿಲ್ಲ," ಎಂದಳು.

ಸಾವಿನ ಸಾಮಾನಿನ ಅಂಗಡಿ ಇರುವುದು ಚರ್ಚಿನ ಹಿಂದೆ. ಮಾಲೆ, ಮೇಣದ ಬತ್ತಿ, ಪೆಟ್ಟಿಗೆ ಎಲ್ಲ ಅಲ್ಲೇ, ಹಾಳೆ ಅಚ್ಚು ಮಾಡುವುದೂ ಅಲ್ಲೇ. ಜೊತೆಗೆ ಬಂದ ಸ್ಲಾವಿ ಒಳಗೆ ಬರಲಾರೆನೆಂದು ಹೊರಗೆ ಸಿಗರೇಟು ಹಚ್ಚಿ ನಿಂತ. ಅಂಗಡಿಯ ಸ್ತೆಫ್ಕಾ ದೋಂಕಾಳನ್ನು ಕಂಡದ್ದೇ ಎದ್ದು ನಿಂತು, ಏನೂ ಕೇಳದೆ ಕುರ್ಚಿ ಎಳೆದುಕೊಟ್ಟಳು. ಮರಣದ ಪತ್ರ ಗಿತ್ರ ಏನೂ ಬೇಡ, ಹಾಳೆಗೆ ಮನೆಯವರ ಬಾಯಿಮಾತು ಸಾಕು ಎಂದಳು. ದೋಂಕಾ ಕೊಟ್ಟ ಫೋಟೊ ಕಂಪ್ಯೂಟರಿನಲ್ಲಿ ಕಪ್ಪು ಅಂಚಿನೊಳಗೆ ಹೋಗಿ ಕೂತಿತು. ಹೆಸರು ಬಂತು, ಹುಟ್ಟಿದ ದಿನ ಬಂತು. ಅಲ್ಲಿಗೆ ಸ್ತೆಫ್ಕಾಳ ಕೈ ನಿಂತಿತು.

"ಹೋದ ದಿನ ಏನಂತ ಹಾಕಲಿ, ದೋಂಕಕ್ಕ?"

 ಇದನ್ನು ದೋಂಕಾ ಯೋಚಿಸಿರಲಿಲ್ಲ. ಸ್ತೆಫ್ಕಾ ಮೆಲ್ಲಗೆ ದಾರಿ ತೋರಿಸಿದಳು: ಇಂಥದ್ದರಲ್ಲಿ ಕೆಲವರು ಇವತ್ತಿನ ದಿನವನ್ನೇ ಹಾಕುತ್ತಾರೆ, ಕೆಲವರು ಬರೀ ಇಸವಿ ಹಾಕುತ್ತಾರೆ, ಖಾಲಿ ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ. ದೋಂಕಾ ಒಂದೊಂದನ್ನೂ ಮನಸ್ಸಿನಲ್ಲೇ ತೂಗಿದಳು. ಇವತ್ತಿನ ದಿನ ಹಾಕಿದರೆ ಮಗಳಿಗೆ ನೆಲಮಾಳಿಗೆಯ ಹನ್ನೊಂದು ವರ್ಷವನ್ನೂ ತಾನೇ ಬರೆದುಕೊಟ್ಟಂತೆ. ಬರೀ ಇಸವಿ ಹಾಕಿದರೆ ಅದನ್ನು ಡಿಸೆಂಬರಿನ ಕೊನೆಯವರೆಗೂ ಎಳೆಯಬಹುದು. ಖಾಲಿ ಬಿಟ್ಟರೆ ಅದಕ್ಕೆ ಕೊನೆಯೇ ಇಲ್ಲ.

"ಅಕ್ಟೋಬರ್ ಹದಿನಾಲ್ಕು," ಎಂದಳು. ಇಸವಿಯನ್ನೂ ಹೇಳಿದಳು.

"ಅದು ಕಾಣೆಯಾದ ದಿನ ಅಲ್ವಾ ಅಕ್ಕ?"

"ಅವತ್ತೇ. ಬಸ್ಸು ಎರಡೂವರೆಗೆ. ಮಧ್ಯಾಹ್ನ ಮೂರು ಗಂಟೆಗೆ ಅಂತ ಬರಿ."

"ಹಾಳೆಯಲ್ಲಿ ಗಂಟೆ ಹಾಕಲ್ಲ ಅಕ್ಕ, ಯಾರೂ ಹಾಕಿಸಲ್ಲ."

"ಇದರಲ್ಲಿ ಹಾಕು ತಾಯಿ. ಒಂದು ರಾತ್ರಿನೂ ಬೇಡ ಅವಳಿಗೆ."

ಸ್ತೆಫ್ಕಾ ಕಣ್ಣೊರೆಸಿಕೊಂಡು, ಮಧ್ಯಾಹ್ನ ಮೂರು ಗಂಟೆ ಎಂದು ಬರೆದು, ಪರದೆಯನ್ನು ಅವಳ ಕಡೆ ತಿರುಗಿಸಿದಳು. ದೋಂಕಾ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದಳು. ಆಮೇಲೆ, ಎರಡೂ ಮುಕ್ಕಾಲು ಮಾಡು ಎಂದಳು.