ಜೌನಪುರಿಯ ಕ್ಯಾಸೆಟ್ಟು

ನಿಪ್ಪಾಣಿಯ ಶಾಂತಿನಾಥ ಮದುವೆಗಳ ವಿಡಿಯೊ ತೆಗೆಯುವವನು. ಅಕ್ಷತೆ ಬೀಳುವಾಗ ಎಲ್ಲಿ ನಿಲ್ಲಬೇಕು, ಹೆಣ್ಣಿನ ತಾಯಿ ಯಾವಾಗ ಕಣ್ಣೊರೆಸಿಕೊಳ್ಳುತ್ತಾಳೆ ಎಂಬುದೆಲ್ಲ ಅವನಿಗೆ ಗೊತ್ತು. ಆದರೆ ಅವನ ಜೀವವಿದ್ದದ್ದು ಸಂಗೀತದಲ್ಲಿ. ಹುಡುಗನಾಗಿದ್ದಾಗ ಚಿಕ್ಕೋಡಿಯ ರಾವಸಾಹೇಬ ಬುವಾ ಅವರಲ್ಲಿ ಹಾಡು ಕಲಿಯಲು ಹೋಗುತ್ತಿದ್ದ. ಬುವಾ ಅವರ ಮಗಳು ಅಕ್ಕುತಾಯಿ ಅವನ ಪಕ್ಕದಲ್ಲೇ ಕೂತು ಕಲಿತವಳು. ಶಾಂತಿನಾಥನ ಅಪ್ಪ ಅವನನ್ನು ತಮ್ಮ ತಂಬಾಕಿನ ಅಂಗಡಿಗೆ ಎಳೆದುಕೊಂಡ ಮೇಲೆ ಅವನ ಪಾಠ ನಿಂತಿತು, ಅಕ್ಕುತಾಯಿಯದು ನಿಲ್ಲಲಿಲ್ಲ. ಅವಳು ಮದುವೆಯಾಗಲಿಲ್ಲ. ಬುವಾ ಹಾಡುವಲ್ಲೆಲ್ಲ ಅವರ ಹಿಂದೆ ತಂಬೂರಿ ಹಿಡಿದು ಕೂಡುತ್ತಿದ್ದಳು.

ಅವಳನ್ನು ನೋಡಲೆಂದೇ ಶಾಂತಿನಾಥ ಅಥಣಿಯಾಗಲಿ, ಕಾಗವಾಡವಾಗಲಿ, ಬುವಾ ಅವರ ಕಚೇರಿ ತಪ್ಪಿಸುತ್ತಿರಲಿಲ್ಲ. ಅವನು ಜೈನರವನು, ಅವಳು ಮರಾಠರ ಮನೆಯವಳು. ಎರಡೂ ಮನೆಗಳಲ್ಲಿ ಎತ್ತಲಾಗದ ಮಾತು ಅದು. ಅವನು ಎತ್ತಲೂ ಇಲ್ಲ. 'ಆರಾಮ ಅದಿಯೇನ?' ಎಂದು ಅವಳು ಕೇಳುತ್ತಿದ್ದಳು, 'ಆರಾಮ' ಎಂದು ಅವನು ಹೇಳುತ್ತಿದ್ದ. ಅಷ್ಟರಲ್ಲಿ ಬಸ್ಸು ಬರುತ್ತಿತ್ತು.

ತೊಂಬತ್ತರ ಚಳಿಗಾಲದಲ್ಲಿ ನಿಪ್ಪಾಣಿಯ ಸಂಗೀತ ಉತ್ಸವವನ್ನು ಚಿತ್ರಿಸಿ, ಮನೆಯಲ್ಲಿ ಕೂತು ನೋಡುವವರಿಗೆ ವಿಡಿಯೊ ಕ್ಯಾಸೆಟ್ ಮಾಡಿ ಮಾರುತ್ತೇವೆಂದು ಪುಣೆಯ ಒಂದು ಕಂಪನಿ ಬಂತು. ಎರಡನೆಯ ಕ್ಯಾಮೆರಾಗೆ ಶಾಂತಿನಾಥನನ್ನು ಕರೆದರು. ಖಾಲಿ ಮಾಡಿದ ತಂಬಾಕಿನ ವಖಾರಿಯೊಳಗೆ ವೇದಿಕೆ. ಗಾಯಕರ ಮುಖ ಬಿಟ್ಟು ಅತ್ತಿತ್ತ ಹೋಗಕೂಡದೆಂದು ಕಂಪನಿಯವರು ತಾಕೀತು ಮಾಡಿದ್ದರು.

ಭಾನುವಾರ ಬೆಳಗಿನ ಕಚೇರಿಯಲ್ಲಿ ಬುವಾ ಜೌನಪುರಿ ಹಿಡಿದರು. ರಾಗ ಇನ್ನೂ ಅರಳುತ್ತಿರುವಾಗಲೇ ಗೋಡೆಗಳಲ್ಲಿ ಉಳಿದಿದ್ದ ಘಾಟು ಅವರ ಗಂಟಲಿಗಿಳಿಯಿತು. ಕೆಮ್ಮಿದರು, ನೀರು ಕುಡಿದರು, ಮತ್ತೆ ಕೆಮ್ಮಿದರು. ಕೊನೆಗೆ ತಿರುಗದೆಯೇ ಹಿಂದಕ್ಕೆ ಕೈ ಬೀಸಿದರು.

ಅಕ್ಕುತಾಯಿ ಹಾಡಿದಳು. ತಂದೆ ಬಿಟ್ಟ ಸ್ವರವನ್ನು ಎತ್ತಿಕೊಂಡು, ಅವಸರವಿಲ್ಲದೆ, ಮನೆಯಲ್ಲಿ ಒಬ್ಬಳೇ ಇದ್ದವಳ ಹಾಗೆ ಹಾಡಿದಳು. ಬೀಡಿ ಹಚ್ಚಲು ಹೊರಗೆ ಎದ್ದಿದ್ದವರು ಬಾಗಿಲಲ್ಲೇ ನಿಂತರು. ಶಾಂತಿನಾಥ ಬುವಾ ಅವರ ಮುಖ ಬಿಟ್ಟು ಅವಳ ಮುಖಕ್ಕೆ ಹೋದ. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಪುಣೆಯವರು ಬೈಯುತ್ತಿದ್ದರು. ಅವನು ಅದನ್ನು ಕಿತ್ತು ಕೊರಳಿಗೆ ಹಾಕಿಕೊಂಡ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಕಣ್ತುಂಬ ನೋಡುತ್ತಿದ್ದ, ಯಾರೂ ಏನೂ ಅನ್ನುವಂತಿರಲಿಲ್ಲ.

ಬೇಸಿಗೆಗೆ ಕ್ಯಾಸೆಟ್ ಬಂತು. ತನ್ನ ವಿಸಿಆರ್ ಹೊತ್ತು ಚಿಕ್ಕೋಡಿಗೆ ಹೋಗಿ ಶಾಂತಿನಾಥ ಬುವಾ ಅವರ ಮನೆಯಲ್ಲಿ ಹಚ್ಚಿದ. ಪರದೆಯಲ್ಲಿ ಬುವಾ ಕೆಮ್ಮಲು ಶುರುಮಾಡಿದರು; ಮರುಕ್ಷಣವೇ, ಗಂಟಲು ಸರಿಯಾದ ಮೇಲೆ ಕೊನೆಗೆ ಹಾಡಿದ್ದ ವೇಗದ ದ್ರುತ್ ಬಂತು.

"ಅಕ್ಕು ಹಾಡಿದ್ದು ಎಲ್ಲಿ ಹೋತೋ?" ಎಂದರು ಬುವಾ.

"ಫೋನ್ ಮಾಡಿ ಕೇಳಿದೆನ್ರಿ," ಶಾಂತಿನಾಥನಿಗೆ ತಲೆ ಎತ್ತಲಾಗಲಿಲ್ಲ. "ಹೆಸರಿಲ್ಲದಾವ್ರ ಹಾಡು ಯಾರು ತಗೋತಾರ ಅಂದ್ರು. ಕತ್ತರಿಸಿದ್ದು ಇಟ್ಟೂ ಇಲ್ಲಂತ. ಆ ಟೇಪಿನ ಮ್ಯಾಲೆ ಬ್ಯಾರೆ ಏನೋ ತುಂಬ್ಯಾರ."

ಅಕ್ಕುತಾಯಿ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಇರ್ಲಿ ಬಿಡು. ಅಪ್ಪನ ಭುಜದ ಹಿಂದ ತಂಬೂರಿ ಮ್ಯಾಲೆ ನನ್ನ ಬೆರಳು ಕಾಣತಾವಲ್ಲ," ಎಂದಳು. ನಗಲು ನೋಡಿದಳು, ಆಗಲಿಲ್ಲ. ಎದ್ದು ಚಹಾಕ್ಕೆ ಒಳಗೆ ಹೋದಳು.

ಬುವಾ ಒಳಬಾಗಿಲ ಕಡೆಗೆ ತಿರುಗಿದರು. ಆಮೇಲೆ ಅಡುಗೆಮನೆಗೆ ಕೇಳುವಂತೆ ಕೂಗಿ ಹೇಳಿದರು: "ಅವ್ರಿಗೇನ ಬೈಲಿ? ನಾನ ಆಕೀನ ಹಿಂದ ಕೂಡ್ರಿಸಿದಾವ. ಬರೂ ವರ್ಷ ಅಕ್ಕು ಮುಂದ ಕೂಡ್ರತಾಳ. ನಾ ಕೆಳಗ ಕುಂತು ಕೇಳತೇನಿ."

ಮರುವರ್ಷ ಉತ್ಸವ ನಿಪ್ಪಾಣಿ ಬಿಟ್ಟು ಚಿಕ್ಕೋಡಿಯ ಶಾಲೆಯ ಅಂಗಳದಲ್ಲಿ ನಡೆಯಿತು. ಕಂಪನಿ ಬರಲಿಲ್ಲ. ಶಾಂತಿನಾಥ ತನ್ನ ಮದುವೆಯ ಕ್ಯಾಮೆರಾ ತಂದು ಸ್ಟ್ಯಾಂಡಿಗೆ ಬಿಗಿದ. ಬುವಾ ಮಫ್ಲರ್ ಸುತ್ತಿಕೊಂಡು ಮುಂದೆಯೇ ಕೂತಿದ್ದರು. ಎಲ್ಲ ಸಿದ್ಧವಿತ್ತು, ತಂಬೂರಿ ಹಿಡಿಯಬೇಕಿದ್ದ ಹುಡುಗಿ ಮಾತ್ರ ಬಂದಿರಲಿಲ್ಲ. ಅವಳು ಬರಬೇಕಿದ್ದ ಕರೋಶಿಯ ಬಸ್ಸು ಕೆಟ್ಟು ನಿಂತಿತ್ತು.

ಅಕ್ಕುತಾಯಿ ವೇದಿಕೆಯಿಂದ ಸುತ್ತ ನೋಡಿದಳು. "ಶಾಂತಿನಾಥ, ಬಾ ಇಲ್ಲೆ. ತಂಬೂರಿ ಹಿಡಿ."

"ಕ್ಯಾಮೆರಾ..."

"ಅದು ನಿಂತಿರ್ತೈತಿ ಬಿಡೋ. ಬಾ."

ಅವಳ ಮುಖವೂ ಹಿಂದಿನ ತಂಬೂರಿಯ ಜಾಗವೂ ಕಾಣುವಂತೆ ಚೌಕಟ್ಟು ಹೊಂದಿಸಿ, ಗುಂಡಿ ಒತ್ತಿ, ಚಪ್ಪಲಿ ಕಳಚಿ ಅವನು ಮೇಲೆ ಹೋದ. ಅವಳು ಷಡ್ಜ ಹಚ್ಚಿದಾಗ ಅವನ ಮೈಯೆಲ್ಲ ಜುಂ ಎಂದಿತು. ಇಷ್ಟು ಹತ್ತಿರ ಕೂತಿದ್ದು ಕಲಿಯುವ ದಿನಗಳಲ್ಲಿ ಮಾತ್ರ. ಈಗ ಕಾಣುತ್ತಿದ್ದದ್ದು ಅವಳ ಬೆನ್ನು, ಕುತ್ತಿಗೆಯ ಮೇಲಿನ ನರೆತ ಕೂದಲು. ತಪ್ಪೀತೆಂದು ಅವನು ತಂತಿಗಳ ಮೇಲಿಂದ ಕಣ್ಣೆತ್ತಲಿಲ್ಲ. ಮುಗಿದಾಗ ಬುವಾ ಮಫ್ಲರಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಹಚ್ಚಿ ನೋಡಿದರೆ, ಶುರುವಾದ ಸ್ವಲ್ಪ ಹೊತ್ತಿಗೇ ಪರದೆಗೆ ಬಿಳಿ ರುಮಾಲು ಸುತ್ತಿದ ತಲೆಯೊಂದು ಅಡ್ಡ ಬಂದು ನಿಂತಿತ್ತು. ತಡವಾಗಿ ಬಂದ ಭೋಜದ ಮಲಕಾರಿ ಎಂಬ ರೈತ, ಕ್ಯಾಮೆರಾದ ಮುಂದೆಯೇ ನಿಂತು, ಮೈಮರೆತು ತಲೆದೂಗಿದ್ದ. ಕಾಣುವುದು ರುಮಾಲು, ಕೇಳುವುದು ಅಕ್ಕುತಾಯಿ.

ಮರುವರ್ಷ ಬುವಾ ತೀರಿಕೊಂಡರು. ಅಕ್ಕುತಾಯಿ ಹಾಡು ಕಲಿಸಲು ಸಾಂಗಲಿಗೆ ಹೋದಳು. ಹೊರಡುವ ಮುಂಚೆ ಕ್ಯಾಸೆಟ್ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಆ ಮಲಕಾರಿಗೆ ನನ್ನ ನಮಸ್ಕಾರ ಹೇಳು," ಎಂದಿದ್ದಳು. ಇನ್ನೇನೋ ಹೇಳುವಳೆಂದು ಅವನು ಕಾದ. ಅವಳೂ ಕಾದಳೋ ಏನೋ.

ಗಿರಾಕಿಗಳಿಲ್ಲದ ಮಧ್ಯಾಹ್ನ ಶಾಂತಿನಾಥ ಅದನ್ನೇ ಹಚ್ಚುತ್ತಾನೆ. ಒಂದು ತಾನಿನ ಕೊನೆಗೆ ಮಲಕಾರಿಯ ತಲೆ ಎಡಕ್ಕೆ ವಾಲುತ್ತದೆ. ಆಗ ಕಾಣುತ್ತಾಳೆ ಅಕ್ಕುತಾಯಿ: ತಾಳದ ಸಮಕ್ಕೆ ಬಂದು, ಹಾಡು ನಿಲ್ಲಿಸಿ, ಹಿಂದೆ ತಿರುಗಿ ತಂಬೂರಿ ಹಿಡಿದ ಅವನನ್ನೇ ನೋಡುತ್ತಿದ್ದಾಳೆ. ಅವನು ಮಾತ್ರ ತಲೆ ತಗ್ಗಿಸಿ ತಂತಿ ಮೀಟುತ್ತಿದ್ದಾನೆ.