ಅಕ್ಕನಿಗೆ ಅರ್ಥವಾದ ವಾಕ್ಯ

ವಕೀಲರು ಬರೆದದ್ದನ್ನು ಮನುಷ್ಯರಿಗೆ ತಿಳಿಯುವಂತೆ ಬಿಡಿಸಿ ಬರೆಯುವುದು ಅವಳ ಕೆಲಸ. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಬಿಡಿಸಮ್ಮ ಎಂದು ಹೆಸರು. ಆಫೀಸಿನವರು ಮಾಡುತ್ತಿದ್ದದ್ದು ಒಂದು ಬ್ರೌಸರ್. ಇಂಟರ್ನೆಟ್ಟಿಗೆ ಹೋಗಲು ಜನ ತೆರೆಯುವ ಬಾಗಿಲುಗಳು ಬೇಕಾದಷ್ಟಿವೆ, ಹೆಚ್ಚಿನವು ದೊಡ್ಡ ಕಂಪನಿಗಳವು. ಇವರದು ಚಿಕ್ಕದು. ಆದರೂ ಜನ ಇವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಗೌಪ್ಯತಾ ನೀತಿಯ ಮೊದಲ ಸಾಲಿಗಾಗಿ: ‘ನೀವು ಹುಡುಕಿದ್ದು ನಿಮ್ಮದೇ. ನಾವು ಅದನ್ನು ಯಾರಿಗೂ ಮಾರುವುದಿಲ್ಲ, ಕೊಡುವುದಿಲ್ಲ, ನಾವೂ ನೋಡುವುದಿಲ್ಲ.’ ಬಿಡಿಸಮ್ಮನೇ ಬರೆದ ಸಾಲು. ಗೌಪ್ಯತಾ ನೀತಿಯನ್ನು ಓದುವವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು. ಉಳಿದವರೆಲ್ಲ ಸರ್ರನೆ ಕೆಳಗೆ ಸರಿಸಿ ‘ಒಪ್ಪಿದೆ’ ಒತ್ತುವವರೇ. ಆದರೆ ಈ ಸಾಲನ್ನು ಜನ ಓದಿದ್ದರು, ಓದಿ ನೆಂಟರಿಷ್ಟರಿಗೂ ಹೇಳಿದ್ದರು.

ಆಫೀಸಿನಲ್ಲಿ ಒಂದು ಪದ್ಧತಿ ಇತ್ತು, ‘ಅಕ್ಕನ ಪರೀಕ್ಷೆ’ ಅಂತ. ಹೊಸ ವಾಕ್ಯ ಬರೆದಾಗಲೆಲ್ಲ ಬಿಡಿಸಮ್ಮ ಮೀಟಿಂಗ್ ಕೋಣೆಯ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಅದನ್ನು ತನ್ನ ಅಕ್ಕನಿಗೆ ಓದಿ ಹೇಳಬೇಕು. ಅಕ್ಕ ದರ್ಜಿ. ಊರಿನ ಇನ್ನೊಂದು ತುದಿಯಲ್ಲಿ, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕೇಳಿಸಿಕೊಂಡ ಮೇಲೆ ಅವಳು ತನಗೆ ತಿಳಿದದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಸರಿಯಾಗಿ ಹೇಳಿದರೆ ವಾಕ್ಯ ಪಾಸು. ತಪ್ಪಾಗಿ ಹೇಳಿದರೆ ಅದು ವಾಕ್ಯದ ತಪ್ಪು, ಮತ್ತೆ ಬರೆಯಬೇಕು. ಒಮ್ಮೆ ಅಕ್ಕ ಪೂರ್ತಿ ಕೇಳಿಸಿಕೊಂಡು, “ಇದೇನು ಹೇಳ್ತಿದೀರೋ ಬೈತಿದೀರೋ ಒಂದೂ ತಿಳೀಲಿಲ್ಲ” ಎಂದದ್ದಕ್ಕೆ ವಕೀಲರು ಕಷ್ಟಪಟ್ಟು ಬರೆದ ಇಡೀ ಪುಟ ಬುಟ್ಟಿಗೆ ಹೋಗಿತ್ತು. ಅಕ್ಕನ ಮೇಲೆ ಅವರಿಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಈ ಸಲ ಕುತ್ತು ಬಂದದ್ದು ಆ ಮೊದಲ ಸಾಲಿನ ಬುಡಕ್ಕೇ. ಕಂಪನಿಯ ಯಜಮಾನನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು, ಅವನು ಹಡಗನ್ನು ಹತ್ತಿರದಿಂದ ನೋಡಿದ್ದೂ ಇಲ್ಲ. ಬೆಳಿಗ್ಗೆ ಬಂದವನೇ ಅವಳ ಮೇಜಿನ ಅಂಚಿನ ಮೇಲೆ ಕೂತು, “ಕೆಲವು ಕಂಪನಿಗಳ ಜೊತೆ ಕೈ ಸೇರಿಸ್ತಿದೀವಿ. ಜನ ಏನೇನು ಹುಡುಕ್ತಾರೆ ಅನ್ನೋದು ಅವರಿಗೆ ಹೋಗುತ್ತೆ. ಹಳೇ ಸಾಲು ತೆಗೀಬೇಕು. ಮೆತ್ತಗೆ ಬರೀಮ್ಮ, ಯಾರಿಗೂ ಗಾಬರಿ ಆಗಬಾರದು” ಎಂದ.

“ಮಾರ್ತೀವಿ ಅಂತ ಬರೀಲಾ?”

“ಮಾರೋದು ಅಂತ ಯಾಕಂತೀಯಾ? ಹಂಚಿಕೊಳ್ಳೋದು ಅನ್ನು.”

ಅವಳು ಬರೆದಳು. ಬರೆಯಲು ಬರುವವರಿಗೆ ಇದೊಂದು ರೋಗ; ಬೇಡದ ಕೆಲಸವನ್ನೂ ಚೆನ್ನಾಗಿಯೇ ಮಾಡಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ವಾಕ್ಯ ಸಿದ್ಧವಾಯಿತು: ‘ನಿಮ್ಮ ಅನುಭವ ಇನ್ನಷ್ಟು ಚೆನ್ನಾಗಿರಲೆಂದು, ನಿಮಗೆ ಸಂಬಂಧಿಸಿದ ಕೆಲವು ವಿವರಗಳನ್ನು ನಾವು ನಂಬಿಕಸ್ಥ ಸಹಭಾಗಿಗಳೊಂದಿಗೆ ಜೋಪಾನವಾಗಿ ಹಂಚಿಕೊಳ್ಳಬಹುದು.’ ಬೆಣ್ಣೆ ಹಚ್ಚಿದ ಹಾಗಿತ್ತು. ಓದಿ ನೋಡಿ ಅವಳಿಗೇ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ನಾಚಿಕೆಯಾಯಿತು. ಅಕ್ಕ ಹೇಗೂ ಹಿಡಿದುಬಿಡುತ್ತಾಳೆ ಎಂದುಕೊಂಡಳು. ಬಟ್ಟೆ ಮುಟ್ಟಿದ ಕೂಡಲೇ ಇದು ಒಂದೇ ಒಗೆತಕ್ಕೆ ಬಣ್ಣ ಬಿಡುತ್ತೆ ಎನ್ನುವವಳು ಅಕ್ಕ. ಅವಳು ಫೇಲ್ ಮಾಡಲಿ ಎಂದೇ ಬಿಡಿಸಮ್ಮ ಫೋನ್ ಮಾಡಿದಳು.

ಕೋಣೆಯಲ್ಲಿ ಕ್ಯಾಪ್ಟನ್, ವಕೀಲರು, ಇನ್ನಿಬ್ಬರು ಇದ್ದರು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿ ನಿಂತಿತು. ಅವಳು ವಾಕ್ಯ ಓದಿದಳು.

“ಹೇಳಕ್ಕ, ಏನು ತಿಳೀತು?”

“ತಿಳಿಯೋದೇನಿದೆ? ನನ್ನ ವಿಷಯನ ಜೋಪಾನವಾಗಿ ಇಟ್ಕೋತೀರಿ. ನಂಬಿಕಸ್ಥರ ಕೈಲೇ ಇರುತ್ತೆ. ಅಷ್ಟೇ ತಾನೇ?”

ವಕೀಲರು ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಹೆಬ್ಬೆರಳು ಎತ್ತಿ, “ಅಕ್ಕ ಪಾಸ್!” ಎಂದ. ಎಲ್ಲರೂ ನಕ್ಕರು. ಅಕ್ಕ ಆ ಕಡೆ ತಾನೂ ನಕ್ಕಳು. ಅಕ್ಕ ಹೇಳಿದ್ದು ಪೂರ್ತಿ ತಪ್ಪಾಗಿತ್ತು. ಇಷ್ಟು ದಿನ ತಪ್ಪು ಹೇಳಿದರೆ ವಾಕ್ಯ ಫೇಲ್ ಆಗುತ್ತಿತ್ತು, ಇವತ್ತು ತಪ್ಪು ಹೇಳಿದ್ದಕ್ಕೇ ಪಾಸಾಗಿತ್ತು. ಇದನ್ನು ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಿಡಿಸಮ್ಮನೂ ಹೇಳಲಿಲ್ಲ.

ಅಕ್ಕ ಫೋನಿಡಲಿಲ್ಲ. “ಇದನ್ನ ನೀನೇ ಬರೆದಿದ್ದು ತಾನೇ? ಸ್ಪೀಕರ್ ತೆಗಿ, ನಿನ್ನ ಹತ್ರ ಒಂದು ಮಾತಿದೆ” ಎಂದಳು. ಬಿಡಿಸಮ್ಮ ಫೋನ್ ಹಿಡಿದು ಹೊರಗಿನ ಓಣಿಯಂಥ ಜಾಗಕ್ಕೆ ಬಂದಳು.

“ಯಾರಿಗೂ ಹೇಳ್ಬೇಡ. ನನ್ನ ಬಲಗೈ ನಡುಗ್ತಿದೆ ಕಣೆ.”

“ಯಾವಾಗಿಂದ?”

“ಕೆಲವು ತಿಂಗಳಾಯ್ತು. ಸೂಜಿಗೆ ದಾರ ಪೋಣಿಸೋಕೆ ಆಗಲ್ಲ. ಕತ್ತರಿ ಹಿಡಿದ್ರೆ ಗೆರೆ ತಪ್ಪುತ್ತೆ. ನಿನ್ನ ಬ್ರೌಸರ್‌ನಲ್ಲೇ ದಿನಾ ಹುಡುಕ್ತೀನಿ, ಏನಿರಬಹುದು, ಔಷಧಿ ಏನು ಅಂತ. ಬೇರೆ ಎಲ್ಲೂ ಹುಡುಕಿಲ್ಲ. ನೀವು ನೋಡಲ್ಲ ಅಂತ ನೀನೇ ಹೇಳಿದ್ದೆಯಲ್ಲ, ಅದಕ್ಕೆ ಧೈರ್ಯ. ನಿನ್ನ ಭಾವನಿಗೂ ಗೊತ್ತಿಲ್ಲ. ಗೊತ್ತಾದ್ರೆ ಅಂಗಡಿ ಮುಚ್ಚು ಅಂತಾರೆ, ಮುಚ್ಚೋದಕ್ಕೆ ಮೊದಲೇ ಬೀದಿಗೆಲ್ಲ ಹೇಳಿಬಿಡ್ತಾರೆ. ಹೋಟೆಲಿನವರ ಸಮವಸ್ತ್ರದ ಕೆಲಸ ಮುಗೀಲಿ, ಆಮೇಲೆ ಡಾಕ್ಟರ ಹತ್ರ ನಾನೇ ಹೋಗ್ತೀನಿ. ಅಲ್ಲಿವರೆಗೆ ಬಾಯಿಬಿಡಬೇಡ.”

“ಹೂಂ” ಎಂದಳು ಬಿಡಿಸಮ್ಮ.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಫಿ ತಂದುಕೊಂಡಳು, ಕುಡಿಯದೆ ಚೆಲ್ಲಿದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಪಕ್ಕದ ಮೇಜಿನವನು ಸುಮ್ಮನೆ “ಏನಾಯ್ತು?” ಎಂದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, “ನಾನೇನು ಮಾಡಿದೆ?” ಎಂದಳು. ಕೊನೆಗೆ ವಕೀಲರ ಕೋಣೆಗೆ ನುಗ್ಗಿದಳು.

“ಯಾರು ಹುಡುಕಿದ್ರು ಅಂತ ಹೆಸರು ಹೋಗುತ್ತಾ?”

“ಛೆ, ಹೆಸರು ಹೋಗಲ್ಲಮ್ಮ. ಯಾವ ಮನೆಯ ಸಂಪರ್ಕದಿಂದ ಏನು ಹುಡುಕಿದ್ರು ಅನ್ನೋದು ಮಾತ್ರ. ಅದಕ್ಕೆ ತಕ್ಕ ಜಾಹೀರಾತು ಆ ಮನೆಗೆ ಬರುತ್ತೆ.”

“ಆ ಮನೇಲಿರೋ ಎಲ್ಲರ ಫೋನಿಗೂ?”

“ಬರಬಹುದು.”

“ಮೊದಲೇ ಹುಡುಕಿಟ್ಟಿರೋದು?”

“ಅವರವರ ಕಂಪ್ಯೂಟರಿನಲ್ಲಿ ಅಳಿಸದೆ ಉಳಿದಿದ್ದರೆ ಅದೂ ಸೇರುತ್ತೆ. ನಾಳೆ ಬೆಳಿಗ್ಗೆ ಹೊಸ ನೀತಿ ಎಲ್ಲರ ಪರದೆಗೂ ಬರುತ್ತೆ, ಒಪ್ಪಿದೆ ಅಂತ ಒತ್ತಿದ ಮೇಲೆ ಎಲ್ಲ ಹೋಗುತ್ತೆ.” ವಕೀಲರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಯಾಕಮ್ಮ, ನಿನ್ನ ವಾಕ್ಯ ತಾನೇ?”

ಅವಳ ಕಣ್ಣಮುಂದೆ ಬಂದದ್ದು ಭಾವನ ಫೋನಿನಲ್ಲಿ ಕೈ ನಡುಕದ ಔಷಧಿಯ ಜಾಹೀರಾತು. ಅದನ್ನು ನೋಡಿ ಭಾವ ಮನೆಯೊಳಗಿನವರ ಕೈಗಳನ್ನೆಲ್ಲ ದಿಟ್ಟಿಸುವುದು. ಅಷ್ಟು ಸಾಕಿತ್ತು. ಅವಳು ಕ್ಯಾಪ್ಟನ್ ಹತ್ತಿರ ಹೋಗಿ, “ಅಕ್ಕ ಹೇಳಿದ್ದು ತಪ್ಪು. ನಮ್ಮ ನಿಯಮದ ಪ್ರಕಾರ ಈ ವಾಕ್ಯ ಫೇಲ್. ಮಾರ್ತೀವಿ ಅಂತ ನೇರವಾಗಿ ಬರೀತೀನಿ, ಬೇಕಾದವರು ಒಪ್ಪಲಿ” ಎಂದಳು.

“ನಿಯಮ ಅಂತ ನೀನೇ ಇಟ್ಕೊಂಡಿದ್ದು, ಕಂಪನಿ ಇಟ್ಟಿದ್ದಲ್ಲ” ಎಂದ ಕ್ಯಾಪ್ಟನ್, ಬೇಸರವಿಲ್ಲದೆಯೇ. “ನಿಮ್ಮಕ್ಕನ ವಿಷಯ ಯಾರು ಕೂತು ನೋಡ್ತಾರೆ? ಲಕ್ಷಾಂತರ ಜನರಲ್ಲಿ ಅವರೊಬ್ಬರು.”

ಆ ಲಕ್ಷಾಂತರ ಜನರಿಗೂ ಒಬ್ಬೊಬ್ಬ ಭಾವ ಇರುತ್ತಾನಲ್ಲ ಎಂದು ಅವಳಿಗೆ ಹೊಳೆದದ್ದು ಬಾಗಿಲು ದಾಟಿದ ಮೇಲೆ. ಒಳ್ಳೆಯ ಉತ್ತರಗಳಿಗೆ ಯಾವಾಗಲೂ ತಡವಾಗಿ ಬರುವ ಚಾಳಿ.

ಆಫೀಸು ಬಿಡುವುದಕ್ಕೆ ಮೊದಲೇ ಹೊರಟು ಬಸ್ಸು ಹತ್ತಿದಳು. ಕೂರಲು ಸೀಟಿದ್ದರೂ ಕಂಬ ಹಿಡಿದು ನಿಂತಳು. ಸುಳ್ಳು ಹೇಳಿಬಿಡಬಹುದಿತ್ತು: ಕಂಪ್ಯೂಟರ್ ನಿಧಾನ ಆಗಿದೆ, ಸ್ವಚ್ಛ ಮಾಡ್ತೀನಿ ಕೊಡಕ್ಕ ಎಂದು ಹಳೆಯದನ್ನೆಲ್ಲ ಅಳಿಸಿ, ಆ ಬ್ರೌಸರನ್ನೇ ಕಿತ್ತುಹಾಕಿ ಬರಬಹುದಿತ್ತು. ಅಕ್ಕ ಎರಡನೇ ಮಾತಿಲ್ಲದೆ ಕೊಡುತ್ತಿದ್ದಳು. ಹಾಗೆ ಮಾಡಿದರೆ ತಾನೂ ಆ ವಾಕ್ಯವೂ ಒಂದೇ ಆಗುತ್ತೇವೆ ಎನಿಸಿ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು. ಒಂದು ನಿಲ್ದಾಣ ಮೊದಲೇ ಇಳಿದು ನಡೆದಳು. ಅಂಗಡಿಯ ಮುಂದೆ ಬಂದವಳು ನಿಲ್ಲದೆ ಮೂಲೆಯವರೆಗೆ ಹೋಗಿ ತಿರುಗಿ ಬಂದಳು.

ಅಕ್ಕ ಕತ್ತರಿಸುವ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದಿದ್ದಳು. ತಂಗಿಯನ್ನು ಕಂಡು ಆ ಹಿಡಿತ ಬಿಟ್ಟಳು, ಗೆರೆ ಸೊಟ್ಟಗೆ ಹರಿಯಿತು. ಅವಳು ನಕ್ಕಳು. “ನೋಡಿದ್ಯಾ? ಹೀಗೆ. ಇವತ್ತು ಹೇಳ್ಕೊಂಡ ಮೇಲೆ ಹಗುರ ಆಯ್ತು ಕಣೆ.” ಕೈಯನ್ನು ತಂಗಿಯ ಅಂಗೈಯೊಳಗೆ ಇಟ್ಟಳು. ಅದು ಅಲ್ಲಿ ಹಾಗೇ ನಡುಗುತ್ತಿತ್ತು.

“ಅಕ್ಕಾ, ಮಧ್ಯಾಹ್ನ ಓದಿದ್ನಲ್ಲ, ಅದು ನಿನಗೆ ಅರ್ಥ ಆಗಿಲ್ಲ.”

“ಜೋಪಾನವಾಗಿ ಇಟ್ಕೋತೀರಿ ಅಂತ ತಾನೇ?”

“ಇಟ್ಕೊಳ್ಳಲ್ಲ. ಕೊಡ್ತೀವಿ. ನೀನು ಹುಡುಕಿದ್ದನ್ನ ಬೇರೆ ಕಂಪನಿಗಳಿಗೆ ಕೊಡ್ತೀವಿ. ಅವರು ದುಡ್ಡು ಕೊಡ್ತಾರೆ. ನಾಳೆಯಿಂದ. ಭಾವನ ಫೋನಿಗೂ ಔಷಧಿ ಜಾಹೀರಾತು ಬರಬಹುದು.” ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವಳು ಬರೆದ ಯಾವ ವಾಕ್ಯವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಅಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಇದು ಗೊತ್ತಿದ್ದೇ ನನಗೆ ಓದಿದ್ಯಾ?”

“ಹೂಂ. ನೀನು ಹಿಡೀತೀಯಾ ಅಂದ್ಕೊಂಡೆ.”

“ಏನು ಹಿಡಿಯೋದು? ಮಾತು ಯಾರು ಕೇಳಿಸ್ಕೊಂಡ್ರು? ನಿನ್ನ ದನಿ ಕೇಳಿಸ್ತು, ಸರಿಯಾಗೇ ಇರುತ್ತೆ ಅಂದೆ. ನೀನು ಬರೆದದ್ದಕ್ಕೆಲ್ಲ ಯಾವತ್ತೂ ಅಷ್ಟೇ ಮಾಡಿದ್ದು.” ಅಕ್ಕನ ದನಿ ಏರಲಿಲ್ಲ, ಏರಿದ್ದರೆ ಬಿಡಿಸಮ್ಮನಿಗೆ ಎಷ್ಟೋ ವಾಸಿಯಾಗುತ್ತಿತ್ತು. “ಬೇಲಿನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಾಗಾಯ್ತು. ಇಲ್ಲೀತನಕ ಯಾರ್ಯಾರಿಗೆ ಹೋಗಿದೆ?”

“ಯಾರಿಗೂ ಹೋಗಿಲ್ಲ. ಆಣೆ. ನಾಳೆಯಿಂದ ಮಾತ್ರ.”

“ಅದನ್ನೂ ನೀನೇ ಹೇಳ್ತಿದೀಯಲ್ಲ.”

ಬಿಡಿಸಮ್ಮ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನ ಕಡೆ ಹೆಜ್ಜೆ ಇಟ್ಟಳು. “ಕಂಪ್ಯೂಟರ್ ಕೊಡು, ಎಲ್ಲ ಅಳಿಸಿಕೊಡ್ತೀನಿ. ಬೇರೆ ಬ್ರೌಸರ್ ಹಾಕಿಕೊಡ್ತೀನಿ, ಅದು ಒಳ್ಳೇದು.”

“ಅದರ ಸಾಲನ್ನೂ ಯಾರದೋ ತಂಗಿ ಬರೆದಿರ್ತಾಳೆ” ಎಂದಳು ಅಕ್ಕ. “ಅಳಿಸೋದು ಹೇಗೆ ಅಂತ ಬಾಯಲ್ಲಿ ಹೇಳು. ನಾನೇ ಮಾಡ್ತೀನಿ.”

ತಂಗಿ ಹೇಳಿದಳು, ಅಕ್ಕ ಮಾಡಿದಳು. ಹಳೆಯ ಲ್ಯಾಪ್‌ಟಾಪನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು, ಪರದೆ ತಂಗಿಗೆ ಕಾಣುತ್ತಿರಲಿಲ್ಲ. ನಡುಗುವ ಬೆರಳು ಒಮ್ಮೆಗೆ ಸರಿಯಾದ ಜಾಗಕ್ಕೆ ಬೀಳದೆ ಮತ್ತೆ ಮತ್ತೆ ಒತ್ತಬೇಕಾಯಿತು. ಬಿಡಿಸಮ್ಮ ಸಹಾಯಕ್ಕೆ ಕೈ ಚಾಚಿದಳು. “ಬೇಡ” ಎಂದಳು ಅಕ್ಕ. ಎಲ್ಲ ಅಳಿಸಿಹೋಯಿತು. ಬ್ರೌಸರ್ ಕೂಡ ಹೋಯಿತು. ಇನ್ನು ಭಾವನಿಗೆ ಗೊತ್ತಾಗುವ ಭಯವಿರಲಿಲ್ಲ, ಬೀದಿಗೆ ಗೊತ್ತಾಗುವ ಭಯವೂ ಇರಲಿಲ್ಲ.

“ಸಮವಸ್ತ್ರದ ಕೆಲಸ ಮುಗಿದ ಮೇಲೆ ಡಾಕ್ಟರ ಹತ್ರ ಇಬ್ಬರೂ ಹೋಗೋಣ. ನಾನು ರಜೆ ಹಾಕ್ತೀನಿ. ಕೆಲಸ ಬೇಕಾದ್ರೆ ಬಿಟ್ಟೇಬಿಡ್ತೀನಿ” ಎಂದಳು ಬಿಡಿಸಮ್ಮ.

ಅಕ್ಕ ಬಲಗೈಯನ್ನು ಮೇಜಿನ ಮೇಲಿದ್ದ ನೀಲಿ ಬಟ್ಟೆಯ ಮಡಿಕೆಯೊಳಗೆ ಸೇರಿಸಿದಳು. ಆಮೇಲೆ ಗಿರಾಕಿಗಳ ಹತ್ತಿರ ಆಡುವ, ನಗು ಸೇರಿಸಿದ ಹಸನಾದ ದನಿಯಲ್ಲಿ, “ಡಾಕ್ಟರ ಹತ್ರ ಯಾಕೆ? ನನಗೇನಾಗಿದೆ? ಚೆನ್ನಾಗೇ ಇದೀನಲ್ಲ” ಎಂದಳು.